ಓದುಗರ ಪ್ರಶ್ನೆ, ನಮ್ಮ ಉತ್ತರ: ಫ್ಲಾಪಿ ಮಾತ್ರ ಇರುವ ಲ್ಯಾಪ್‌ಟಾಪಿಗೆ ಆಪರೇಟಿಂಗ್ ಸಿಸ್ಟಮ್

ಸಿಡಿ ಡ್ರೈವ್ ಇಲ್ಲ, ಯುಎಸ್‌ಬಿ ಇಲ್ಲ, ಇರುವುದು ಫ್ಲಾಪಿ ಡ್ರೈವ್ ಒಂದೇ. ಇಂಥ ಲ್ಯಾಪ್‌ಟಾಪುಗಳ ಬಗ್ಗೆ ಮುಂಬಯಿ, ಪುಣೆ, ಗೋವೆಯ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ನಮ್ಮ ಕನ್ನಡ ಸಂಘದಲ್ಲಿ 486 ಪ್ರೊಸೆಸರ್, 8 ಎಂಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್ ಒಂದಿದೆ. ಸ್ಮರಣ ಸಂಚಿಕೆಗಳ ಹಳೆಯ ಕಡತಗಳು ಫ್ಲಾಪಿಗಳಲ್ಲಿವೆ. ಅವನ್ನು ಅಂದಿನ ಸಾಫ್ಟ್‌ವೇರಿನಲ್ಲೇ ತೆರೆದು ನೋಡಬೇಕು. ಹಾರ್ಡ್ ಡಿಸ್ಕ್ ಖಾಲಿ. ವಿಂಡೋಸ್ 95ರ 13 ಫ್ಲಾಪಿಗಳ ಕಟ್ಟು ಬೀರುವಿನಲ್ಲಿ ಸಿಕ್ಕಿದೆ. ಎಲ್ಲಿಂದ ಶುರು ಮಾಡೋಣ? — ಡೊಂಬಿವಲಿ

ಉತ್ತರ: ಮೊದಲ ಫ್ಲಾಪಿ ತುರುಕಿ ಯಂತ್ರ ಚಾಲೂ ಮಾಡಿದರೆ ಏನೂ ಆಗುವುದಿಲ್ಲ. ಅಂಗಡಿಗಳಲ್ಲಿ ಮಾರಾಟವಾದ 13 ಫ್ಲಾಪಿಗಳ ಕಟ್ಟು ಅಪ್‌ಗ್ರೇಡ್ ಆವೃತ್ತಿ. ಅದಕ್ಕೆ ಅಡಿಯಲ್ಲಿ ಡಾಸ್ (ವಿಂಡೋಸಿಗೆ ಮೊದಲಿನ, ಅಪ್ಪಣೆ ಟೈಪ್ ಮಾಡಿ ನಡೆಸುವ ಆಪರೇಟಿಂಗ್ ಸಿಸ್ಟಮ್) ಇರಬೇಕು. ನಿಮ್ಮಲ್ಲಿ ಹಳೆಯ ವಿಂಡೋಸ್ ಇತ್ತು ಎಂಬುದಕ್ಕೆ ಪುರಾವೆಯನ್ನೂ ಅದು ಕೇಳುತ್ತದೆ. ಖಾಲಿ ಡಿಸ್ಕಿನಲ್ಲಿ ಆ ಪುರಾವೆ ಇರುವುದಿಲ್ಲವಾದ್ದರಿಂದ ವಿಂಡೋಸ್ 3.1ರ ಮೊದಲ ಫ್ಲಾಪಿಯನ್ನು ಹತ್ತಿರ ಇಟ್ಟುಕೊಳ್ಳಿ. ಕೇಳಿದಾಗ ಹಾಕಿದರೆ ಮುಂದೆ ಬಿಡುತ್ತದೆ. ಅಂದರೆ ಮೇಜಿನ ಮೇಲೆ ಇರಬೇಕಾದದ್ದು: ಎಂಎಸ್ ಡಾಸ್ 6.22ರ 3 ಫ್ಲಾಪಿಗಳು, ವಿಂಡೋಸ್ 3.1ರ ಮೊದಲನೆಯದು, ನಿಮ್ಮ 13, ಪರವಾನಗಿ ಪತ್ರದ ಮೇಲೆ ಅಚ್ಚಾಗಿರುವ ಪ್ರಾಡಕ್ಟ್ ಕೀ, ಮತ್ತು ಲ್ಯಾಪ್‌ಟಾಪಿನ ಅಡಾಪ್ಟರ್. ಇಷ್ಟು ಹಳೆಯ ಬ್ಯಾಟರಿಯನ್ನು ನೆಚ್ಚಬೇಡಿ, ಅಡಾಪ್ಟರ್ ಸಿಕ್ಕಿಸಿಯೇ ಕೆಲಸ ಮಾಡಿ. ವಿಂಡೋಸ್ 95ಕ್ಕೆ ಕನಿಷ್ಠ 386 ಡಿಎಕ್ಸ್ ಮತ್ತು 4 ಎಂಬಿ ರ್‍ಯಾಮ್ ಸಾಕು ಎಂದು ಕಂಪನಿಯೇ ಹೇಳಿತ್ತು. 4 ಎಂಬಿಯಲ್ಲಿ ಅದು ತೆವಳುತ್ತದೆ. ನಿಮ್ಮ 8 ಎಂಬಿ ಪರವಾಗಿಲ್ಲ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಮಾತು. ಇಂಥ ಇನ್‌ಸ್ಟಾಲ್ ಕೆಡುವುದು ವಿಂಡೋಸಿನ ತಪ್ಪಿನಿಂದ ಅಲ್ಲ, ಹತ್ತರಲ್ಲಿ ಒಂಬತ್ತು ಸಲ ಫ್ಲಾಪಿಯಿಂದ. ಒಂಬತ್ತನೆಯ ಫ್ಲಾಪಿಯಲ್ಲಿ ಒಂದು ಸೆಕ್ಟರ್ (ಮಾಹಿತಿ ಬರೆಯುವ ಪುಟ್ಟ ತುಣುಕು) ಓದಲಾಗದಿದ್ದರೂ ಅರ್ಧ ಕಟ್ಟಿದ ವಿಂಡೋಸ್ ನಿಮ್ಮ ಕೈಲಿ ಉಳಿಯುತ್ತದೆ. ಆದ್ದರಿಂದ ಇಡೀ ಕೆಲಸದಲ್ಲಿ ಪ್ರತಿ ಫ್ಲಾಪಿಯನ್ನೂ ಒಂದೇ ಸಲ ಓದಿಸುವುದು, ಅದೂ ಇನ್‌ಸ್ಟಾಲ್‌ಗೆ ಮೊದಲೇ ಓದಿಸಿ ಮುಗಿಸುವುದು, ಇದೇ ಲೆಕ್ಕ ಇಟ್ಟುಕೊಳ್ಳಿ. ಕೆಳಗಿನ ಕ್ರಮವೆಲ್ಲ ಅದಕ್ಕಾಗಿಯೇ.

ಮೊದಲು ಬಯೋಸ್ (ಯಂತ್ರ ಆನ್ ಆದೊಡನೆ ಓಡುವ ಒಳಗಿನ ಪ್ರೋಗ್ರಾಮ್) ಸೆಟಪ್ಪಿಗೆ ಹೋಗಿ. ಬೂಟ್ ಕ್ರಮದಲ್ಲಿ ಎ:, ಅಂದರೆ ಫ್ಲಾಪಿ ಡ್ರೈವ್, ಮೊದಲು ಇರಲಿ. ಹಾರ್ಡ್ ಡಿಸ್ಕಿನ ಗಾತ್ರ ಸರಿಯಾಗಿ ಕಾಣುತ್ತಿದೆಯೇ ನೋಡಿ. ಬೂಟ್ ಸೆಕ್ಟರ್ ವೈರಸ್ ರಕ್ಷಣೆ ಎಂಬ ಆಯ್ಕೆ ಇದ್ದರೆ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಸೆಟಪ್ ಬೂಟ್ ಸೆಕ್ಟರ್ ಬರೆಯಲು ಹೋದಾಗ ಅಡ್ಡ ಬರುತ್ತದೆ.

ಡಾಸ್‌ನ ಮೊದಲ ಫ್ಲಾಪಿಯಿಂದ ಬೂಟ್ ಮಾಡಿ. ಡಾಸ್ ಸೆಟಪ್ ತಾನೇ ಶುರುವಾಗುತ್ತದೆ, ಎಫ್3 ಒತ್ತಿ ಹೊರಗೆ ಬನ್ನಿ. ಎ: ಪ್ರಾಂಪ್ಟಿನಲ್ಲಿ ಎಫ್‌ಡಿಸ್ಕ್ ಕೊಡಿ; ಹಾರ್ಡ್ ಡಿಸ್ಕನ್ನು ಪಾರ್ಟಿಶನ್ನುಗಳಾಗಿ, ಅಂದರೆ ಭಾಗಗಳಾಗಿ, ವಿಂಗಡಿಸುವ ಪ್ರೋಗ್ರಾಮ್ ಅದು. ಹಳೆಯ ಪಾರ್ಟಿಶನ್ ಇದ್ದರೆ ಅಳಿಸಿ, ಹೊಸದಾಗಿ ಪ್ರೈಮರಿ ಡಾಸ್ ಪಾರ್ಟಿಶನ್ ಮಾಡಿ. ಪೂರ್ತಿ ಜಾಗ ಬಳಸಬೇಕೇ ಎಂಬ ಪ್ರಶ್ನೆಗೆ ಹೌದು ಎಂದರೆ ಅದೇ ಆಕ್ಟಿವ್ (ಬೂಟ್ ಆಗುವ ಭಾಗ) ಕೂಡ ಆಗುತ್ತದೆ. ಗಾತ್ರವನ್ನು ನೀವೇ ಬರೆದುಕೊಟ್ಟರೆ ಆಗುವುದಿಲ್ಲ; ಆಗ ಮೆನುವಿನ ಎರಡನೆಯ ಆಯ್ಕೆಗೆ ಹೋಗಿ ಆಕ್ಟಿವ್ ಮಾಡಲೇಬೇಕು. ಯಂತ್ರವನ್ನು ಮತ್ತೆ ಬೂಟ್ ಮಾಡಿ, ಮತ್ತೆ ಎಫ್3, ಈಗ ‘ಫಾರ್ಮ್ಯಾಟ್ ಸಿ: /ಎಸ್’. ಕೆಟ್ಟ ಸೆಕ್ಟರುಗಳಿದ್ದರೆ ಫಾರ್ಮ್ಯಾಟ್ ಕೊನೆಯಲ್ಲಿ ಅವುಗಳ ಲೆಕ್ಕ ತೋರಿಸುತ್ತದೆ. ಆ ಸಾಲು ಕಂಡರೆ ಅಲ್ಲಿಗೇ ನಿಲ್ಲಿಸಿ. ಆ ಹಾರ್ಡ್ ಡಿಸ್ಕಿಗಾಗಿ ಮುಂದಿನ ಎರಡು ತಾಸು ಹಾಳು ಮಾಡಬೇಡಿ, ಕೆಳಗೆ ಮುಲುಂಡ್ ಓದುಗರಿಗೆ ಕೊಟ್ಟ ಉತ್ತರ ನೋಡಿ. ಎಲ್ಲ ಸರಿಯಿದ್ದರೆ ಡಾಸ್ ಸೆಟಪ್ ಮತ್ತೆ ಓಡಿಸಿ ಮೂರೂ ಫ್ಲಾಪಿಗಳನ್ನು ಮುಗಿಸಿಕೊಳ್ಳಿ. ಡಿಸ್ಕ್ ಓದನ್ನು ಚುರುಕುಗೊಳಿಸುವ ಸ್ಮಾರ್ಟ್‌ಡ್ರೈವ್, ಹೆಚ್ಚಿನ ಮೆಮೊರಿ ಬಳಸಲು ಬಿಡುವ ಹೈಮೆಮ್ ಎಲ್ಲ ಅದರ ಜೊತೆ ಬರುತ್ತವೆ, ಮುಂದಿನ ಕೆಲಸ ಬೇಗ ಆಗುತ್ತದೆ.

ಈಗ ಮುಖ್ಯ ಭಾಗ. ಹಾರ್ಡ್ ಡಿಸ್ಕಿನಲ್ಲಿ ವಿನ್95 ಎಂಬ ಫೋಲ್ಡರ್ ಮಾಡಿ, 13 ಫ್ಲಾಪಿಗಳನ್ನೂ ಒಂದೊಂದಾಗಿ ಅದರೊಳಕ್ಕೆ ಕಾಪಿ ಮಾಡಿ. ಎಲ್ಲ ಸೇರಿ 22 ಎಂಬಿಯ ಒಳಗೇ ಆಗುತ್ತದೆ. ಕಾಪಿ ಆಗುವಾಗ ಕಿವಿ ಅಲ್ಲೇ ಇರಲಿ. ಫ್ಲಾಪಿ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸೆಕೆಂಡಿನ ಐದನೇ ಒಂದು ಭಾಗ. 80 ಟ್ರ್ಯಾಕ್ (ತಟ್ಟೆಯ ಮೇಲಿನ ವೃತ್ತಗಳು), ಎರಡು ಮುಖ, ಒಟ್ಟು 160 ಸುತ್ತು: ಓದಲಿಕ್ಕೇ 32 ಸೆಕೆಂಡು ಬೇಕು, ಹೆಡ್ ಸರಿಯುವ ಸಮಯ ಸೇರಿಸಿದರೆ ಒಂದು ನಿಮಿಷದ ಆಸುಪಾಸು. ಟಕ್ ಟಕ್ ಎಂದು ಒಂದೇ ಲಯದಲ್ಲಿ ನಡೆದು ಆ ಹೊತ್ತಿಗೆ ಮುಗಿದರೆ ಫ್ಲಾಪಿ ಗಟ್ಟಿ. ನಡುವೆ ನಿಂತು, ಗರ್ರ್ ಎಂದು ಹೆಡ್ ಸೊನ್ನೆಗೆ ಹಿಂದಿರುಗಿ ಮತ್ತೆ ಬಂದರೆ ಅದು ಓದಲಾಗದ ಸೆಕ್ಟರನ್ನು ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ ಎಂದರ್ಥ. ಕಾಪಿ ಮುಗಿದರೂ ಆ ಫ್ಲಾಪಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಮುಂದಿನ ಸಲ ಅದು ಕೈಕೊಡುತ್ತದೆ. ‘ಅಬಾರ್ಟ್, ರಿಟ್ರೈ, ಫೇಲ್’ ಬಂದರೆ ರಿಟ್ರೈ ಒತ್ತುತ್ತಾ ಕೂರುವುದಕ್ಕಿಂತ ಫ್ಲಾಪಿ ಹೊರತೆಗೆದು, ನಡುವಿನ ಲೋಹದ ಗುಂಡಿಯನ್ನು ಬೆರಳಿನಿಂದ ಎರಡು ಸುತ್ತು ತಿರುಗಿಸಿ ಮತ್ತೆ ಹಾಕಿ ನೋಡಿ. ಬಟ್ಟೆಯ ಒಳಪದರಕ್ಕೆ ಅಂಟಿಕೊಂಡಿದ್ದ ತಟ್ಟೆ ಸಡಿಲವಾಗಿ ಓದುವುದುಂಟು.

ಫೇಲ್ ಎಂದು ಮಾತ್ರ ಒತ್ತಬೇಡಿ. ಕ್ಯಾಬ್ ಕಡತ (ವಿಂಡೋಸಿನ ಭಾಗಗಳನ್ನು ಒತ್ತಿ ತುಂಬಿದ ಕಟ್ಟು) ಅರೆಬರೆ ಬಂದರೆ ಅದರ ಸುಳಿವು ಸಿಗುವುದು ಸೆಟಪ್ ಅರ್ಧ ಮುಗಿದ ಮೇಲೆ.

13 ಕೂಡ ಬಂದವು ಎಂದ ಮೇಲೆ ಫ್ಲಾಪಿಗಳನ್ನು ಎತ್ತಿಡಿ, ಸಿ: ಒಳಗಿನ ವಿನ್95 ಫೋಲ್ಡರಿನಿಂದಲೇ ಸೆಟಪ್ ಓಡಿಸಿ. ಶುರುವಿನ ಸ್ಕ್ಯಾನ್‌ಡಿಸ್ಕ್ ತಪಾಸಣೆ ಮೆಮೊರಿ ಸಾಲದು ಎಂದು ನಿಂತರೆ ‘ಸೆಟಪ್ /ಐಎಸ್’ ಕೊಟ್ಟು ಅದನ್ನು ದಾಟಿಸಬಹುದು. ಹಾರ್ಡ್‌ವೇರ್ ಹುಡುಕುವ ಹಂತದಲ್ಲಿ ಪಟ್ಟಿ ಮುಂದೆ ಹೋಗದೆ, ಡಿಸ್ಕಿನ ದೀಪವೂ ಮಿಟುಕದೆ ಐದಾರು ನಿಮಿಷ ನಿಂತರೆ ಕಂಟ್ರೋಲ್, ಆಲ್ಟ್, ಡಿಲೀಟ್ ಬೇಡ. ಪವರ್ ಪೂರ್ತಿ ಆಫ್ ಮಾಡಿ, ಹತ್ತು ಸೆಕೆಂಡು ಬಿಟ್ಟು ಆನ್ ಮಾಡಿ, ಸೆಟಪ್ ಮತ್ತೆ ಕೊಡಿ, ‘ಸೇಫ್ ರಿಕವರಿ’ ಆರಿಸಿ. ಎಲ್ಲಿ ಸಿಕ್ಕಿಕೊಂಡಿತ್ತು ಎಂಬುದನ್ನು ಸೆಟಪ್ ಒಂದು ಲಾಗ್ ಕಡತದಲ್ಲಿ ಬರೆದಿಟ್ಟಿರುತ್ತದೆ. ಎರಡನೆಯ ಸಲ ಆ ತಪಾಸಣೆಯನ್ನು ಬಿಟ್ಟು ಮುಂದೆ ಹೋಗುತ್ತದೆ. ಎರಡು ಮೂರು ಸಲ ಹೀಗಾದರೂ ಗಾಬರಿ ಬೇಡ, ಪ್ರತಿ ಸಲ ಬೇರೆ ಬೇರೆ ಕಡೆ ನಿಂತಿರುತ್ತದೆ.

ಇನ್‌ಸ್ಟಾಲ್ ಆದ ಮೇಲೆ ವಿನ್95 ಫೋಲ್ಡರ್ ಅಳಿಸಬೇಡಿ. ನಾಳೆ ಪ್ರಿಂಟರ್ ಸೇರಿಸಲು ಹೋದರೆ ‘ಏಳನೇ ಡಿಸ್ಕ್ ಹಾಕಿ’ ಎನ್ನುತ್ತದೆ. ಆಗ ಈ ಫೋಲ್ಡರಿನ ದಾರಿ ತೋರಿಸಿದರೆ ಆಯಿತು. ವಿಂಡೋಸಿಗೆ ಸುಮಾರು 50 ಎಂಬಿ, ಈ ಫೋಲ್ಡರಿಗೆ 22, ಡಾಸ್‌ಗೆ ಇನ್ನಷ್ಟು: 120 ಎಂಬಿ ಡಿಸ್ಕಿನಲ್ಲೂ ಎಲ್ಲ ಕೂರುತ್ತದೆ.

ಪ್ರಶ್ನೆ: ನಾನು ಹೊಸ ಕಂಪ್ಯೂಟರಿಗೆ ಯುಎಸ್‌ಬಿ ಫ್ಲಾಪಿ ಡ್ರೈವ್ ಸಿಕ್ಕಿಸಿ ನಮ್ಮ ವಿಂಡೋಸ್ 95 ಕಟ್ಟಿನ ಹಾಳಾದ ಫ್ಲಾಪಿಗಳ ನಕಲು ಮಾಡುತ್ತಿದ್ದೇನೆ. ಇಮೇಜ್ ಕಡತಗಳು (ಇಡೀ ಫ್ಲಾಪಿಯ ಯಥಾಪ್ರತಿ ಒಂದೇ ಕಡತದಲ್ಲಿ) ಇವೆ. ಮೊದಲನೆಯದು ಸರಿಯಾಗಿ ಬರೆಯಿತು, ಎರಡನೆಯದರಿಂದ ಒಂದೂ ಬರೆಯುತ್ತಿಲ್ಲ. ಹೊಸ ಫ್ಲಾಪಿ ಬದಲಿಸಿದರೂ ಅದೇ ಕತೆ. — ಕೋಥ್ರುಡ್, ಪುಣೆ

ಉತ್ತರ: ಫ್ಲಾಪಿಯದ್ದೂ ತಪ್ಪಿಲ್ಲ, ನಿಮ್ಮದೂ ತಪ್ಪಿಲ್ಲ. ಸಾಮಾನ್ಯ 3.5 ಅಂಗುಲದ ಫ್ಲಾಪಿಯಲ್ಲಿ ಟ್ರ್ಯಾಕಿಗೆ 18 ಸೆಕ್ಟರ್. ಒಟ್ಟು 2,880 ಸೆಕ್ಟರ್, 14,74,560 ಬೈಟ್. ಅದನ್ನೇ 1.44 ಎಂಬಿ ಅನ್ನುತ್ತೇವೆ. ವಿಂಡೋಸ್ 95ರ ಎರಡನೆಯ ಫ್ಲಾಪಿಯಿಂದ ಮುಂದಿನವನ್ನು ಮೈಕ್ರೋಸಾಫ್ಟ್ ಬೇರೆ ವಿನ್ಯಾಸದಲ್ಲಿ ಬರೆಯಿತು. ಅದಕ್ಕೆ ಡಿಎಂಎಫ್ ಎಂದು ಹೆಸರು. ಅದೇ ತಟ್ಟೆಯಲ್ಲಿ ಟ್ರ್ಯಾಕಿಗೆ 21 ಸೆಕ್ಟರ್ ಒತ್ತಿ ಕೂರಿಸಿದ್ದಾರೆ, 17,20,320 ಬೈಟ್. ಫ್ಲಾಪಿಗಳ ಸಂಖ್ಯೆ ಇಳಿಯಿತು, ಡಿಸ್ಕ್‌ಕಾಪಿ ಮಾಡಿ ಹಂಚುವುದೂ ತಪ್ಪಿತು.

ಮದರ್‌ಬೋರ್ಡಿನ ಕಂಟ್ರೋಲರಿಗೆ ನೇರ ಜೋಡಿಸಿದ ಡ್ರೈವ್ ಇದನ್ನು ಓದುತ್ತದೆ, ಸರಿಯಾದ ಸಾಫ್ಟ್‌ವೇರ್ ಇದ್ದರೆ ಬರೆಯುತ್ತದೆ ಕೂಡ. ಯುಎಸ್‌ಬಿ ಡ್ರೈವಿನ ಒಳಗಿನ ಚಿಪ್ಪಿಗೆ 1.44 ಎಂಬಿ, 720 ಕೆಬಿಯಂಥ ಕೆಲವೇ ವಿನ್ಯಾಸ ಗೊತ್ತು, 21 ಸೆಕ್ಟರ್ ಗೊತ್ತಿಲ್ಲ. ಸಾಫ್ಟ್‌ವೇರ್ ಬದಲಿಸಿದರೆ ಇದು ಸರಿಹೋಗುವುದಿಲ್ಲ, ಇನ್ನೊಂದು ಕಂಪನಿಯ ಯುಎಸ್‌ಬಿ ಡ್ರೈವ್ ಕೊಂಡರೂ ಹೋಗುವುದಿಲ್ಲ.

ಹಾಗಾದರೆ ದಾರಿ? ಕ್ಯಾಬ್ ಕಡತಗಳನ್ನು ಫ್ಲಾಪಿಗೆ ಬರೆಯುವ ಹಟವನ್ನೇ ಬಿಡಿ. ಇಮೇಜ್ ಕಡತವನ್ನು ತೆರೆಯಬಲ್ಲ ಯಾವುದೇ ಪ್ರೋಗ್ರಾಮಿನಲ್ಲಿ ಒಳಗಿನ ಕಡತಗಳನ್ನು ಹೊರತೆಗೆದು ಒಂದೇ ಫೋಲ್ಡರಿಗೆ ಹಾಕಿ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕನ್ನು ಬಿಚ್ಚಿ, 2.5 ಅಂಗುಲದ ಐಡಿಇ (ಅಂದಿನ ಡಿಸ್ಕ್ ಜೋಡಣೆಯ ಬಗೆ) ಡಿಸ್ಕಿಗೆ ಹೊಂದುವ ಯುಎಸ್‌ಬಿ ಅಡಾಪ್ಟರಿನಿಂದ ಹೊಸ ಕಂಪ್ಯೂಟರಿಗೆ ಸಿಕ್ಕಿಸಿ ಆ ಫೋಲ್ಡರನ್ನು ಕಾಪಿ ಮಾಡಿ. ಇಲ್ಲೊಂದು ಎಚ್ಚರ: ಪಾರ್ಟಿಶನ್ ಮತ್ತು ಫಾರ್ಮ್ಯಾಟ್ ಎರಡನ್ನೂ ಲ್ಯಾಪ್‌ಟಾಪಿನಲ್ಲೇ ಮೊದಲು ಮಾಡಿರಬೇಕು. ಹೊಸ ಕಂಪ್ಯೂಟರ್ ಡಿಸ್ಕಿನ ಸಿಲಿಂಡರ್, ಹೆಡ್ ಲೆಕ್ಕವನ್ನು ಒಂದು ಬಗೆಯಲ್ಲಿ ಹಾಕುತ್ತದೆ, ಹಳೆಯ ಬಯೋಸ್ ಇನ್ನೊಂದು ಬಗೆಯಲ್ಲಿ. ಅಲ್ಲಿ ಫಾರ್ಮ್ಯಾಟ್ ಮಾಡಿ ಇಲ್ಲಿ ತಂದರೆ ಕಡತಗಳು ಕಾಣಬಹುದು, ಬೂಟ್ ಮಾತ್ರ ಆಗದು. ಕಾಪಿಗಾಗಿ ಸಿಕ್ಕಿಸಿದಾಗ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ’ ಎಂದು ಹೊಸ ವಿಂಡೋಸ್ ಕೇಳಿದರೆ ಬೇಡ ಅನ್ನಿ.

ಡಿಸ್ಕ್ ಬಿಚ್ಚಲು ಮನಸ್ಸಿಲ್ಲದಿದ್ದರೆ ಇನ್ನೊಂದು ಹಳೆಯ ಯಂತ್ರ ಬೇಕು. ಎರಡರಲ್ಲೂ ಡಾಸ್ 6 ಇದ್ದರೆ ಅದರ ಜೊತೆಗೇ ಬರುವ ಇಂಟರ್‌ಲಿಂಕ್, ಇಂಟರ್‌ಸರ್ವರ್ ಜೋಡಿಯಿಂದ ಪ್ಯಾರಲಲ್ ಅಥವಾ ಸೀರಿಯಲ್ ಕೇಬಲಿನಲ್ಲಿ ಕಡತ ಸಾಗಿಸಬಹುದು. ಪ್ಯಾರಲಲ್ ಬೇಗ. ಕೇಬಲ್ ಕೇಳುವಾಗ ಪ್ರಿಂಟರ್ ಕೇಬಲ್ ಎನ್ನಬೇಡಿ, ಎರಡೂ ತುದಿಗೆ 25 ಪಿನ್ನಿನ ಗಂಡು ಕನೆಕ್ಟರ್ ಇರುವ ಲ್ಯಾಪ್‌ಲಿಂಕ್ ಕೇಬಲ್ ಎಂದು ಕೇಳಿ. ಒಳಗಿನ ತಂತಿಗಳು ಅಡ್ಡ ಜೋಡಿಸಿರುತ್ತವೆ.

ನಕಲಿನ ಬಗ್ಗೆ ಕೇಳಿದ ಇನ್ನಿಬ್ಬರಿಗೆ ಇಲ್ಲೇ ಹೇಳಿಬಿಡುತ್ತೇವೆ. ಡಾಸ್ ಫ್ಲಾಪಿಯ ಇಮೇಜ್ ಕಡತವನ್ನು ಮೌಸಿನಿಂದ ಎಳೆದು ಫ್ಲಾಪಿಯ ಮೇಲೆ ಹಾಕಿದರೆ ಬೂಟ್ ಫ್ಲಾಪಿ ಆಗುವುದಿಲ್ಲ. ಜಾಗವೂ ಸಾಲುವುದಿಲ್ಲ: ಫಾರ್ಮ್ಯಾಟ್ ಆದ ಫ್ಲಾಪಿಯಲ್ಲಿ ಕಡತಗಳಿಗೆ ಸಿಗುವುದು 14,57,664 ಬೈಟ್, ಇಮೇಜ್ ಅದಕ್ಕಿಂತ ದೊಡ್ಡದು. ಸೆಕ್ಟರಿಗೆ ಸೆಕ್ಟರ್ ಬರೆಯುವ ಪ್ರೋಗ್ರಾಮ್ ಬೇಕು; ವಿಂಡೋಸಿನಲ್ಲಿ ರಾರೈಟ್, ಲಿನಕ್ಸಿನಲ್ಲಿ ಡಿಡಿ. ಲಿನಕ್ಸಿನಲ್ಲಿ ಯುಎಸ್‌ಬಿ ಫ್ಲಾಪಿ ಡ್ರೈವ್ ಹಳೆಯ ಫ್ಲಾಪಿಯ ಹೆಸರಿನಲ್ಲಿ ಕಾಣುವುದಿಲ್ಲ, ಪೆನ್‌ಡ್ರೈವಿನ ಹಾಗೆ ಎಸ್‌ಡಿಬಿ, ಎಸ್‌ಡಿಸಿ ಎಂದು ಕಾಣುತ್ತದೆ. 1.4 ಎಂಬಿ ಎಂದು ಗಾತ್ರ ತೋರಿಸುವ ಸಾಲನ್ನು ಖಾತ್ರಿ ಮಾಡಿಕೊಂಡೇ ಎಂಟರ್ ಒತ್ತಿ. ಒಂದು ಅಕ್ಷರ ತಪ್ಪಿದರೆ ನಿಮ್ಮ ಕಂಪ್ಯೂಟರಿನ ಡಿಸ್ಕಿನ ತಲೆಯ ಮೇಲೆಯೇ ಡಾಸ್ ಕೂರುತ್ತದೆ.

ಪ್ರಶ್ನೆ: ಫ್ಲಾಪಿಗಳ ಮೇಲೆ ಬಿಳಿ ಚುಕ್ಕೆ ಕಾಣುತ್ತಿದೆ. ಒರೆಸಿ ಬಳಸಬಹುದೇ? — ವಾಸ್ಕೊ, ಗೋವೆ

ಉತ್ತರ: ಅದು ಬೂಷ್ಟು. ಕರಾವಳಿಯ ಮಳೆಗಾಲವನ್ನು ಬೀರುವಿನಲ್ಲಿ ಕಳೆದ ಫ್ಲಾಪಿಗೆ ಇದು ಸಹಜ. ಗೋವೆಯಲ್ಲೂ ಮುಂಬಯಿಯಲ್ಲೂ ಪುಣೆಗಿಂತ ಹೆಚ್ಚು. ಡ್ರೈವಿಗೆ ಹಾಕುವ ಮೊದಲು ಪ್ರತಿ ಫ್ಲಾಪಿಯ ಲೋಹದ ಶಟರನ್ನು ಹೆಬ್ಬೆರಳಿನಿಂದ ಸರಿಸಿ, ಗುಂಡಿಯನ್ನು ನಿಧಾನ ತಿರುಗಿಸುತ್ತಾ, ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿ. ಒಳ್ಳೆಯ ತಟ್ಟೆ ಒಂದೇ ಸಮನೆ ಕಂದು-ಕಪ್ಪಾಗಿ ಹೊಳೆಯುತ್ತದೆ. ಮಂಜು ಕವಿದಂಥ ತೇಪೆ, ಜೇಡರಬಲೆಯಂಥ ಬಿಳಿ ಎಳೆ, ಅಥವಾ ಸುತ್ತಲೂ ಗೀಚಿದ ಉಂಗುರ ಕಂಡರೆ ಹಾಕಬೇಡಿ. ಬೂಷ್ಟು ಹಿಡಿದ ಒಂದು ಫ್ಲಾಪಿ ಹೆಡ್ಡಿಗೆ ಕೊಳೆ ಮೆತ್ತುತ್ತದೆ. ಆ ಹೆಡ್ ಮುಂದೆ ಹಾಕಿದ ಒಳ್ಳೆಯ ಫ್ಲಾಪಿಗಳನ್ನೂ ಗೀಚುತ್ತಾ ಹೋಗುತ್ತದೆ. ಉಂಗುರದ ಗೀರು ಬಿದ್ದರೆ ಅಲ್ಲಿನ ಕಾಂತೀಯ ಲೇಪ ಕಿತ್ತುಹೋಗಿದೆ, ಯಾವ ಉಪಾಯಕ್ಕೂ ಅದು ಮರಳದು.

ಆಪರೇಟಿಂಗ್ ಸಿಸ್ಟಮ್ಮಿನ ಫ್ಲಾಪಿಯಾದರೆ ಎಸೆದು ಬೇರೆ ಮಾಡಿಕೊಳ್ಳಿ, ಒರೆಸುವ ಶ್ರಮ ವ್ಯರ್ಥ. ಬೇರೆಲ್ಲೂ ಸಿಗದ ಸ್ವಂತ ಕಡತ ಇದ್ದರೆ ಮಾತ್ರ ಇಷ್ಟು ಮಾಡಬಹುದು: ಶಟರ್ ತೆಗೆದು, ಪ್ಲಾಸ್ಟಿಕ್ ಕವಚದ ಅಂಚನ್ನು ತೆಳು ಬ್ಲೇಡಿನಿಂದ ಬಿಡಿಸಿ ತಟ್ಟೆ ಹೊರತೆಗೆಯಿರಿ. ಲೋಹದ ಗುಂಡಿಯಲ್ಲಿ ಮಾತ್ರ ಹಿಡಿಯಿರಿ. ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ನೂಲು ಬಿಡದ ಮೆತ್ತನೆಯ ಬಟ್ಟೆಯಿಂದ ಎರಡೂ ಮುಖ ಸವರಿ, ಬರಿಯ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ನೆರಳಲ್ಲಿ ಪೂರ್ತಿ ಒಣಗಿಸಿ. ಇನ್ನೊಂದು ಚೊಕ್ಕ ಫ್ಲಾಪಿಯ ಕವಚದೊಳಗೆ ಕೂರಿಸಿ, ಮೇಲೆ ಕೆಳಗೆ ಅದಲುಬದಲಾಗದಂತೆ. ಓದಿದ ಕೂಡಲೇ ಕಾಪಿ ಮಾಡಿಕೊಳ್ಳಿ, ಎರಡನೆಯ ಅವಕಾಶವನ್ನು ನೆಚ್ಚಬೇಡಿ. ಉಗುರು ಬಣ್ಣ ತೆಗೆಯುವ ದ್ರವ ಹತ್ತಿರವೂ ಬರಬಾರದು, ಅದರ ಅಸಿಟೋನ್ ಪ್ಲಾಸ್ಟಿಕ್ಕನ್ನೂ ಲೇಪವನ್ನೂ ಕರಗಿಸುತ್ತದೆ.

ಡ್ರೈವಿನ ಹೆಡ್ಡಿಗೆ 99 ಪ್ರತಿಶತ ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸಿ. ಕ್ಲೀನಿಂಗ್ ಫ್ಲಾಪಿ ಸಿಕ್ಕರೆ ಅದರ ಬಟ್ಟೆಗೆ ನಾಲ್ಕಾರು ಹನಿ ಹಾಕಿ ಓಡಿಸುವುದು ಕ್ಷೇಮ. ಹತ್ತಿ ಕಡ್ಡಿಯಿಂದ ಒರೆಸುವುದಾದರೆ ಮೇಲಿನ ಹೆಡ್ಡನ್ನು ಎತ್ತಬೇಡಿ. ತೆಳು ಲೋಹದ ಪಟ್ಟಿಯ ಮೇಲೆ ನಿಂತಿರುತ್ತದೆ, ಸ್ವಲ್ಪ ಬಾಗಿದರೂ ಡ್ರೈವ್ ಹೋಯಿತು. ಎತ್ತಿಡುವಾಗ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಎಸಿ ಕೋಣೆಯಿಂದ ಹೊರಗೆ ತಂದ ಫ್ಲಾಪಿಯನ್ನು ತಾಸು ಹೊತ್ತು ಹಾಗೇ ಬಿಟ್ಟು ಹಾಕಿ. ತಣ್ಣಗಿನ ತಟ್ಟೆಗೆ ಇಲ್ಲಿನ ತೇವದ ಗಾಳಿ ತಗುಲಿದರೆ ಹನಿಗಟ್ಟುತ್ತದೆ.

ಪ್ರಶ್ನೆ: ಕೆಟ್ಟ ಹಾರ್ಡ್ ಡಿಸ್ಕಿನ ಜಾಗಕ್ಕೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಿದ್ದೇನೆ, 4 ಜಿಬಿಯದು. ಎಫ್‌ಡಿಸ್ಕ್‌ನಲ್ಲಿ 504 ಎಂಬಿ ಮಾತ್ರ ಕಾಣುತ್ತದೆ. ಡಾಸ್ ಹಾಕಿದ ಮೇಲೂ ಬೂಟ್ ಆಗದೆ ಕರ್ಸರ್ ಮಿಟುಕುತ್ತಾ ನಿಲ್ಲುತ್ತದೆ. ಅಡಾಪ್ಟರ್ ಕೆಟ್ಟದ್ದು ಕೊಟ್ಟರೇ? — ಮುಲುಂಡ್

ಉತ್ತರ: ಅಡಾಪ್ಟರ್ ಕೆಟ್ಟಿದ್ದರೆ ಎಫ್‌ಡಿಸ್ಕ್‌ವರೆಗೆ ಬರುತ್ತಲೇ ಇರಲಿಲ್ಲ. ನಿಮಗಿರುವುದು ಎರಡು ಬೇರೆ ತೊಂದರೆ.

504 ಎಂಬಿ ಎನ್ನುವುದು ಬಯೋಸಿನ ಮಿತಿ. ಆ ಕಾಲದ ಬಯೋಸ್ 1,024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಮೀರಿ ಎಣಿಸಲಾರದು. ಗುಣಿಸಿ, 512 ಬೈಟಿನಿಂದ ಮತ್ತೆ ಗುಣಿಸಿದರೆ 52,84,82,304 ಬೈಟ್, ಅಂದರೆ ಸರಿಯಾಗಿ 504 ಎಂಬಿ. ಬಯೋಸಿನಲ್ಲಿ ಎಲ್‌ಬಿಎ (ಸೆಕ್ಟರುಗಳನ್ನು ಒಂದೇ ಸರಣಿಯಲ್ಲಿ ಎಣಿಸುವ ಬಗೆ) ಆಯ್ಕೆ ಇದ್ದರೆ ಆನ್ ಮಾಡಿ, ಆಗಲೂ ಡಾಸ್ 6.22 ಒಂದು ಪಾರ್ಟಿಶನ್ನಿಗೆ 2 ಜಿಬಿಗಿಂತ ಹೆಚ್ಚು ಕೊಡದು. ಆಯ್ಕೆ ಇಲ್ಲದಿದ್ದರೆ ಡಿಸ್ಕ್ ಮ್ಯಾನೇಜರ್ ಎಂಬ ಬಗೆಯ, ಬಯೋಸಿನ ಮಿತಿ ದಾಟಿಸುವ ಓವರ್‌ಲೇ ಸಾಫ್ಟ್‌ವೇರ್ ಹಾಕಬಹುದು. ನಮ್ಮನ್ನು ಕೇಳಿದರೆ ಬೇಡ. ಅದು ಬೂಟ್ ಸೆಕ್ಟರಿನಲ್ಲಿ ಕುಳಿತಿರುತ್ತದೆ, ಕಾರ್ಡನ್ನು ಬೇರೆ ಕಂಪ್ಯೂಟರಿನಲ್ಲಿ ಓದುವಾಗ ಗೊಂದಲ ಮಾಡುತ್ತದೆ. 486 ಯಂತ್ರಕ್ಕೆ 504 ಎಂಬಿ ಧಾರಾಳ.

ಎರಡನೆಯದು ಹೆಚ್ಚು ಜನರನ್ನು ಸತಾಯಿಸುವಂಥದ್ದು. ಕ್ಯಾಮೆರಾಗೆಂದು ತಯಾರಾದ ಕಾರ್ಡಿನ ಮೊದಲ ಸೆಕ್ಟರಿನಲ್ಲಿ ಪಾರ್ಟಿಶನ್ ಪಟ್ಟಿ ಇರುತ್ತದೆ, ಬೂಟ್ ಮಾಡಿಸುವ ಸಣ್ಣ ಪ್ರೋಗ್ರಾಮ್ ಇರುವುದಿಲ್ಲ. ಆ ಸೆಕ್ಟರಿನ ಕೊನೆಯ ಗುರುತು ಸರಿಯಿದ್ದರೆ ಎಫ್‌ಡಿಸ್ಕ್ ಎಲ್ಲ ಇದೆ ಎಂದುಕೊಂಡು ಪ್ರೋಗ್ರಾಮ್ ಬರೆಯುವುದೇ ಇಲ್ಲ. ಫ್ಲಾಪಿಯಿಂದ ಬೂಟ್ ಮಾಡಿ ‘ಎಫ್‌ಡಿಸ್ಕ್ /ಎಂಬಿಆರ್’ ಕೊಡಿ. ಏನೂ ಹೇಳದೆ ಮುಗಿಯುತ್ತದೆ, ಅದು ಸರಿಯೇ. ಈ ಅಪ್ಪಣೆಯನ್ನು ಖಾಲಿ ಕಾರ್ಡಿಗೆ ನಿಶ್ಚಿಂತೆಯಿಂದ ಕೊಡಿ, ಓವರ್‌ಲೇ ಇರುವ ಡಿಸ್ಕಿಗೆ ಮಾತ್ರ ಕೊಡಬಾರದು. ಆಮೇಲೂ ‘ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಮ್’ ಎಂದರೆ ಪಾರ್ಟಿಶನ್ ಆಕ್ಟಿವ್ ಆಗಿದೆಯೇ ನೋಡಿ, ‘ಸಿಸ್ ಸಿ:’ ಕೊಡಿ.

ಜೋಡಿಸುವಾಗಿನ ಅಪಾಯವೊಂದನ್ನು ಉಳಿದವರಿಗಾಗಿ ಬರೆಯುತ್ತೇವೆ. ಲ್ಯಾಪ್‌ಟಾಪಿನ ಐಡಿಇ ಕನೆಕ್ಟರಿಗೆ 44 ಪಿನ್, ನಡುವಿನ ಅಂತರ 2 ಮಿಲಿಮೀಟರ್. 41 ಮತ್ತು 42ನೇ ಪಿನ್ನಿನಲ್ಲಿ 5 ವೋಲ್ಟ್ ವಿದ್ಯುತ್ ಬರುತ್ತದೆ. ಡಿಸ್ಕಿನಲ್ಲಿ ಈ 44ರ ಪಕ್ಕ ಒಂದು ಸಾಲಿನ ಜಾಗ ಬಿಟ್ಟು ಇನ್ನೂ ನಾಲ್ಕು ಪಿನ್ ಇರುತ್ತವೆ. ಅವು ಮಾಸ್ಟರ್, ಸ್ಲೇವ್ ಜಂಪರಿಗೆ. ಕನೆಕ್ಟರನ್ನು ಆ ಕಡೆ ಸರಿಸಿ ಚುಚ್ಚಿದರೆ ವಿದ್ಯುತ್ ಸಿಗ್ನಲ್ ಪಿನ್ನಿಗೆ ಹರಿದು ಕಾರ್ಡೋ ಬೋರ್ಡೋ ಸುಡುತ್ತದೆ. ಹಳೆಯ ಡಿಸ್ಕ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಪ್ರಶ್ನೆ: ಫ್ಲಾಪಿ ಹಾಕಿದರೆ ದೀಪ ಹತ್ತುತ್ತದೆ, ಒಳಗೆ ಏನೂ ತಿರುಗಿದ ಸದ್ದಿಲ್ಲ. — ಪಿಂಪ್ರಿ

ಉತ್ತರ: 1990ರ ದಶಕದ ಮೊದಲರ್ಧದ ಕೆಲವು ಲ್ಯಾಪ್‌ಟಾಪುಗಳ ಡ್ರೈವಿನಲ್ಲಿ ಮೋಟಾರಿನಿಂದ ತಟ್ಟೆಗೆ ರಬ್ಬರ್ ಬೆಲ್ಟ್ ಇರುತ್ತದೆ. ಅದು ಈಗ ಕರಗಿ ಡಾಂಬರಿನಂತಾಗಿರುತ್ತದೆ. ಡ್ರೈವ್ ಹೊರತೆಗೆದು ತಗಡಿನ ಮುಚ್ಚಳ ಬಿಚ್ಚಿ, ಅಂಟನ್ನು ಐಸೋಪ್ರೊಪೈಲ್‌ನಲ್ಲಿ ಪೂರ್ತಿ ಒರೆಸಿ. ಹೊಸ ಬೆಲ್ಟಿನ ಅಳತೆಗೆ ಬೆಲ್ಟ್ ಹಾಯುವ ದಾರಿಯಲ್ಲೇ ದಾರ ಸುತ್ತಿ ಉದ್ದ ತೆಗೆಯಿರಿ, ಅದಕ್ಕಿಂತ ನೂರಕ್ಕೆ ಐದರಷ್ಟು ಚಿಕ್ಕದು ತನ್ನಿ. ಚಪ್ಪಟೆ ಬೆಲ್ಟ್ ಇದ್ದರೆ ಚಪ್ಪಟೆಯದೇ. ಕಾಗದ ಕಟ್ಟುವ ರಬ್ಬರ್ ಬ್ಯಾಂಡ್ ಹಾಕಿದರೆ ತಟ್ಟೆ ತಿರುಗುತ್ತದೆ, ಆದರೆ 300 ಸುತ್ತಿನ ವೇಗ ಸ್ಥಿರವಾಗಿ ನಿಲ್ಲದೆ ಒಂದೂ ಸೆಕ್ಟರ್ ಓದದು. ಬೆಲ್ಟ್ ಇಲ್ಲದ ಡ್ರೈವ್ ಆದರೆ ಮೊದಲು 26 ಗೆರೆಯ ಚಪ್ಪಟೆ ಕೇಬಲ್ ಮಡಚಿದ ಜಾಗದಲ್ಲಿ ಸೀಳಿದೆಯೇ ನೋಡಿ.

ತಿರುಗುತ್ತದೆ, ತಾನೇ ಬರೆದದ್ದನ್ನು ಓದುತ್ತದೆ, ಆದರೆ ಬೇರೆ ಡ್ರೈವಿನಲ್ಲಿ ಬರೆದದ್ದನ್ನು ಓದುವುದಿಲ್ಲ ಎನ್ನುವವರಿಗೆ: ಹೆಡ್ಡಿನ ಅಲೈನ್‌ಮೆಂಟ್ ಸರಿದಿದೆ. ಇದನ್ನು ಮನೆಯಲ್ಲಿ ಸರಿಪಡಿಸಲು ಹೋಗಬೇಡಿ, ಬೇರೆ ಡ್ರೈವ್ ಹುಡುಕಿ.

ಪ್ರಶ್ನೆ: ಪ್ರತಿ ಸಲ ಆನ್ ಮಾಡಿದಾಗ ತಾರೀಖು 1980ಕ್ಕೆ ಹೋಗುತ್ತದೆ, ಹಾರ್ಡ್ ಡಿಸ್ಕ್ ಇಲ್ಲ ಎನ್ನುತ್ತದೆ. — ಮಡಗಾಂವ್

ಉತ್ತರ: ಸಿಎಂಒಎಸ್ ಬ್ಯಾಟರಿ ಸತ್ತಿದೆ, ಡಿಸ್ಕಿನ ವಿವರ ಬಯೋಸಿಗೆ ಮರೆತುಹೋಗುತ್ತಿದೆ. ಒಳಗೆ ಗುಂಡನೆಯ ನಾಣ್ಯದಂಥ ಬ್ಯಾಟರಿ ಇದ್ದರೆ ಅದೇ ಸಂಖ್ಯೆಯದು ಹಾಕಿ. ಹಸಿರು ಅಥವಾ ನೀಲಿ ಹೊದಿಕೆಯ, ಒಂದಕ್ಕೊಂದು ಬೆಸೆದ ಪುಟ್ಟ ಬ್ಯಾಟರಿಗಳಿದ್ದರೆ ಅವು ರೀಚಾರ್ಜ್ ಆಗುವಂಥವು. ಆ ಜಾಗಕ್ಕೆ ಲಿಥಿಯಂ ನಾಣ್ಯ ಬ್ಯಾಟರಿಯನ್ನು ನೇರ ಬೆಸೆಯಬಾರದು, ಯಂತ್ರ ಅದನ್ನು ಚಾರ್ಜ್ ಮಾಡಲು ಹೋಗುತ್ತದೆ. ಸೋರಿ ಹಸಿರು ಪುಡಿ ಕಂಡರೆ ಇವತ್ತೇ ಕತ್ತರಿಸಿ ತೆಗೆಯಿರಿ. ಆ ರಸ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ.

ಪ್ರಶ್ನೆ: ಇಂಥ ಯಂತ್ರಕ್ಕೆ ಇಂದಿನ ಲಿನಕ್ಸ್ ಹಾಕಬಹುದೇ? — ಅಂಧೇರಿ

ಉತ್ತರ: ಇಲ್ಲ. ಲಿನಕ್ಸ್ ಕರ್ನಲ್ 2013ರ 3.8ನೇ ಆವೃತ್ತಿಯಲ್ಲೇ 386ನ್ನು ಕೈಬಿಟ್ಟಿತು. ಡೆಬಿಯನ್ ಎಂಬ ಲಿನಕ್ಸ್ 2025ರ 13ನೇ ಆವೃತ್ತಿಯಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರನ್ನೇ ಕೊಟ್ಟಿಲ್ಲ. 8 ಎಂಬಿಯಲ್ಲಿ ಅವು ಅಲುಗುವುದೂ ಇಲ್ಲ. ಪರವಾನಗಿಯ ತಲೆಬೇನೆ ಬೇಡ, ಉಚಿತವಾದದ್ದೇ ಬೇಕು ಎಂದರೆ ಫ್ರೀಡಾಸ್ ಹಾಕಿ. 2022ರ 1.3ನೇ ಆವೃತ್ತಿಯಲ್ಲಿ ಫ್ಲಾಪಿಗೆಂದೇ ಪ್ರತ್ಯೇಕ ಕಟ್ಟು ಇದೆ, 720 ಕೆಬಿಯದೂ 1.44 ಎಂಬಿಯದೂ. ಯುಎಸ್‌ಬಿ ಡ್ರೈವಿನಲ್ಲಿ ತೊಂದರೆಯಿಲ್ಲದೆ ಬರೆಯುತ್ತದೆ. ಪೆಂಟಿಯಂ ಯಂತ್ರ, ಸಿಡಿ ಡ್ರೈವ್ ಇದೆ, ಅದರಿಂದ ಬೂಟ್ ಮಾತ್ರ ಆಗುವುದಿಲ್ಲ ಎನ್ನುವವರು ಪ್ಲಾಪ್ ಬೂಟ್ ಮ್ಯಾನೇಜರನ್ನು ಒಂದು ಫ್ಲಾಪಿಗೆ ಬರೆದು, ಅದರ ಮೆನುವಿನಿಂದ ಸಿಡಿ ಆರಿಸಬಹುದು.

ಪ್ರಶ್ನೆ: ಹೊಸ ಫ್ಲಾಪಿ, ಕೇಬಲ್, ಅಡಾಪ್ಟರ್ ಎಲ್ಲಿ ಸಿಗುತ್ತವೆ? — ಹಲವರು

ಉತ್ತರ: ಸೋನಿ 2011ರಲ್ಲೇ ಫ್ಲಾಪಿ ಮಾರಾಟ ನಿಲ್ಲಿಸಿತು. ಈಗ ಸಿಗುವ ‘ಹೊಸ’ ಫ್ಲಾಪಿ ಎಂದರೆ ಪೊಟ್ಟಣ ಒಡೆಯದ ಹಳೆಯ ಸರಕು. ಮುಂಬಯಿಯಲ್ಲಿ ಗ್ರ್ಯಾಂಟ್ ರೋಡ್ ನಿಲ್ದಾಣದ ಬಳಿಯ ಲ್ಯಾಮಿಂಗ್ಟನ್ ರಸ್ತೆ, ಪುಣೆಯಲ್ಲಿ ಬುಧವಾರ ಪೇಟೆಯ ತಾಪಕೀರ್ ಗಲ್ಲಿ ಅಡಾಪ್ಟರ್, ಕೇಬಲ್, ಬೆಲ್ಟಿಗೆ ಹೋಗಬೇಕಾದ ಜಾಗ. ಡ್ರೈವಿಗಾಗಿ ಇಡೀ ಕೆಟ್ಟ ಲ್ಯಾಪ್‌ಟಾಪನ್ನೇ ಗುಜರಿಯಲ್ಲಿ ಕೊಳ್ಳುವುದು ಅಗ್ಗ. ಚೋರ್ ಬಜಾರ್, ಪುಣೆಯ ಜೂನಾ ಬಜಾರ್ ನೋಡಿ. ಗೋವೆಯವರಿಗೆ ಅಂಚೆಯಲ್ಲಿ ತರಿಸುವುದೇ ವಾಸಿ. ಕೊಂಡ ಫ್ಲಾಪಿಗಳನ್ನೆಲ್ಲ ಪೂರ್ತಿ ಫಾರ್ಮ್ಯಾಟ್ ಮಾಡಿ, ಕ್ವಿಕ್ ಫಾರ್ಮ್ಯಾಟ್ ಅಲ್ಲ. ಒಂದೇ ಒಂದು ಕೆಟ್ಟ ಸೆಕ್ಟರ್ ತೋರಿಸಿದ ಫ್ಲಾಪಿಯನ್ನೂ ಇಮೇಜ್ ಬರೆಯಲು ಬಳಸಬೇಡಿ, ಇಮೇಜ್ ಕೆಟ್ಟ ಜಾಗ ಬಿಟ್ಟು ಬರೆಯುವುದಿಲ್ಲ. ಎರಡೂ ಮೂಲೆಯಲ್ಲಿ ತೂತು ಇದ್ದರೆ 1.44 ಎಂಬಿ. ಒಂದೇ ತೂತಿನದು 720 ಕೆಬಿ; ಅದಕ್ಕೆ ಇನ್ನೊಂದು ತೂತು ಕೊರೆದು 1.44 ಮಾಡುವ ಹಳೆಯ ಉಪಾಯಕ್ಕೆ ಮರುಳಾಗಬೇಡಿ, ಅದರ ಲೇಪವೇ ಬೇರೆ.

ಪ್ರಶ್ನೆ: ವಿಂಡೋಸ್ 95 ಆಯಿತು, ಕನ್ನಡ ಕಡತವೂ ತೆರೆಯಿತು. ಇವನ್ನು ಈಗಿನ ಕಂಪ್ಯೂಟರಿಗೆ ತಂದರೆ ಬರೀ ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತದೆ. — ಮಾಟುಂಗಾ

ಉತ್ತರ: ಅಂದಿನ ಶ್ರೀಲಿಪಿ, 1998ರಲ್ಲಿ ಬಂದ ಬರಹ, ನುಡಿ ಇವೆಲ್ಲ ಯುನಿಕೋಡ್‌ಗೆ ಮೊದಲಿನ ರೂಢಿಯವು. ಕಡತದೊಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ಫಾಂಟ್ ಅವನ್ನು ಕನ್ನಡವಾಗಿ ತೋರಿಸುತ್ತಿತ್ತು. ಒಂದೊಂದು ತಂತ್ರಾಂಶದ ಸಂಕೇತ ಒಂದೊಂದು ಬಗೆ. ಆದ್ದರಿಂದ ಕಡತ ಸಾಗಿಸುವಾಗ ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲಿರುವ ಕನ್ನಡ ಫಾಂಟುಗಳನ್ನೂ ಜೊತೆಗೆ ತನ್ನಿ, ಯಾವ ಕಡತಕ್ಕೆ ಯಾವ ಫಾಂಟು ಎಂದು ಬರೆದಿಡಿ. ಆ ಹೆಸರು ಗೊತ್ತಿದ್ದರೆ ತಕ್ಕ ಯುನಿಕೋಡ್ ಪರಿವರ್ತಕದಲ್ಲಿ ಹಾಯಿಸಬಹುದು. ಅರ್ಕಾವೊತ್ತು ಮತ್ತು ಒತ್ತಕ್ಷರಗಳ ಕಡೆ ಕರಡು ತಿದ್ದುವ ಕೆಲಸ ಬೀಳುತ್ತದೆ. ಮೂಲ ಕಡತವನ್ನು ಮುಟ್ಟದೆ ನಕಲಿನ ಮೇಲೇ ಪರಿವರ್ತನೆ ಮಾಡಿ.

ಸಾಗಿಸಲು ಮತ್ತೆ ಫ್ಲಾಪಿ ಬೇಡ. ಹಾರ್ಡ್ ಡಿಸ್ಕಿನ ಜಾಗದಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಇದ್ದರೆ ಅದನ್ನೇ ತೆಗೆದು ಯುಎಸ್‌ಬಿ ಕಾರ್ಡ್ ರೀಡರಿಗೆ ಹಾಕಿ ಓದಿಕೊಳ್ಳಿ. ಮೊದಲಿನ ಹಾರ್ಡ್ ಡಿಸ್ಕೇ ಇದ್ದು, ಲ್ಯಾಪ್‌ಟಾಪಿನ ಪಕ್ಕದಲ್ಲಿ ಪಿಸಿ ಕಾರ್ಡ್ ಕಿಂಡಿ ಇದ್ದರೆ, ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಆ ಕಿಂಡಿಗೆ ಹೊಂದಿಸುವ ಅಡಾಪ್ಟರ್ ಸಾಕು. ವಿಂಡೋಸ್ 95 ಅದನ್ನು ಇನ್ನೊಂದು ಡಿಸ್ಕ್ ಎಂದೇ ಗುರುತಿಸುತ್ತದೆ. ಕಾರ್ಡನ್ನು 2 ಜಿಬಿ ಅಥವಾ ಅದಕ್ಕಿಂತ ಚಿಕ್ಕದು ಆರಿಸಿ, ಫ್ಯಾಟ್16 ಎಂಬ ಕಡತ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಿ. ಅಂಗಡಿಯಲ್ಲಿ ಕಟ್ಟಾಗಿ ಮಾರಿದ ಮೊದಲ ವಿಂಡೋಸ್ 95ಕ್ಕೆ ಫ್ಯಾಟ್32 ಓದಲು ಬರುವುದಿಲ್ಲ.